ರಾಜಧಾನಿಯ ಮಗ್ಗುಲಿನ ಊರುಗಳು

ಕೆಲಸ ದೊಡ್ಡ ಊರಿನಲ್ಲಿ, ಮನೆ ಸಣ್ಣ ಊರಿನಲ್ಲಿ. ತಿಂಗಳ ಕೊನೆಯಲ್ಲಿ ಮನೆಬಾಡಿಗೆಯ ಲೆಕ್ಕ ಹಾಕುವಾಗ ಬೆಂಗಳೂರಿನ ಎಷ್ಟೋ ಸಂಸಾರಗಳ ಮನಸ್ಸಿನಲ್ಲಿ ಸುಳಿದುಹೋಗುವ ಏರ್ಪಾಟು ಇದು. ಕೈಗೆಟಕುವ ಬಾಡಿಗೆ, ಹಿತ್ತಿಲಲ್ಲಿ ಎರಡು ತೆಂಗಿನ ಮರ, ರಾತ್ರಿ ಒಂಬತ್ತಕ್ಕೆಲ್ಲ ಸದ್ದಡಗುವ ಬೀದಿ; ಬೆಳಗಿನ ರೈಲು ಹಿಡಿದರೆ ಕಚೇರಿ, ಸಂಜೆಯ ರೈಲು ಹಿಡಿದರೆ ಮನೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ತುಮಕೂರಿನಲ್ಲಿ ಈ ಕನಸನ್ನು ನಿಜ ಮಾಡಿಕೊಂಡವರು ಸಾವಿರಾರು ಮಂದಿ ಇದ್ದಾರೆ. ಅದೇ ಹಳಿಯ ಮೇಲೆ ಗುಬ್ಬಿ, ತಿಪಟೂರುಗಳನ್ನು ದಾಟಿ ಮುಂದೆ ಹೋದರೆ ಅರಸೀಕೆರೆ.

ಅರಸೀಕೆರೆ ಬೆಂಗಳೂರಿನ ಉಪನಗರವೇ? ವೇಗದ ರೈಲಿಗೆ ಎರಡು–ಎರಡೂವರೆ ಗಂಟೆಯ ದಾರಿ. ಕೇಳಿದರೆ ಹೌದೆನ್ನಬೇಕು ಅನಿಸುತ್ತದೆ. ಆದರೆ ರೈಲ್ವೆಯ ನಿಯಮ ಅಲ್ಲವೆನ್ನುತ್ತದೆ. ನಿತ್ಯ ಓಡಾಡುವವರಿಗೆ ಕೊಡುವ ರಿಯಾಯಿತಿ ಪಾಸಿಗೆ 150 ಕಿಲೋಮೀಟರ್ ಗರಿಷ್ಠ ಮಿತಿ. ಬೆಂಗಳೂರು ನಗರ ನಿಲ್ದಾಣದಿಂದ ಅರಸೀಕೆರೆ ಸುಮಾರು 166 ಕಿಲೋಮೀಟರ್. ತಿಪಟೂರು ಆ ವರ್ತುಲದ ಒಳಗೆ ಬೀಳುತ್ತದೆ, ಅರಸೀಕೆರೆ ಹದಿನಾರು ಕಿಲೋಮೀಟರ್‌ಗಳ ಅಂತರದಲ್ಲಿ ಹೊರಗೆ ಉಳಿಯುತ್ತದೆ. ದೊಡ್ಡ ಊರಿನ ಸೆಳೆತ ತಟ್ಟುತ್ತದೆ, ಆದರೆ ಹಿಡಿತ ಪೂರ್ತಿ ಮುಟ್ಟುವುದಿಲ್ಲ ಎಂಬಂಥ ಜಾಗ ಅದು.

ಪಾಸಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ನಿತ್ಯ ಪ್ರಯಾಣಿಕರನ್ನು ಇಂಗ್ಲಿಷಿನಲ್ಲಿ ‘ಕಮ್ಯೂಟರ್’ ಎನ್ನುತ್ತಾರಲ್ಲ, ಆ ಹೆಸರು ಹುಟ್ಟಿದ್ದೇ 19ನೇ ಶತಮಾನದ ಅಮೆರಿಕದ ರೈಲ್ವೆಯ ಪಾಸಿನಿಂದ. ದಿನದಿನದ ದರವನ್ನು ಇಳಿಸಿ ಒಟ್ಟಾಗಿ ಮಾರಿದ ಟಿಕೆಟ್ ಕೊಂಡವನು ‘ಕಮ್ಯೂಟರ್’. ಅಂದರೆ ಉಪನಗರವೆಂಬುದನ್ನು ನಿರ್ಧರಿಸುವುದು ಬರಿಯ ದೂರವಲ್ಲ. ಆ ದೂರವನ್ನು ದಿನವೂ ದಾಟಲು ತಗಲುವ ಹಣ ಮತ್ತು ಹೊತ್ತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಇದಕ್ಕೆ ಒಳ್ಳೆಯ ಸಾಕ್ಷಿ. 1898ರ ಪ್ಲೇಗಿಗೆ ಬೆದರಿದ ಹಳೆಯ ಪೇಟೆಯ ಜನರಿಗಾಗಿ ಬೆಳೆದ ಆ ಬಡಾವಣೆಗಳು ಅಂದು ಊರ ಹೊರಗಿನ ನಿಶ್ಶಬ್ದ ತಾಣಗಳು. ಇಂದು ಅವು ನಗರದ ನಡುಮನೆ. ಅಲ್ಲಿ ನಿಶ್ಶಬ್ದವೂ ಇಲ್ಲ, ಅಗ್ಗದ ಬಾಡಿಗೆಯೂ ಇಲ್ಲ.

ದೊಡ್ಡ ನಗರವೊಂದರ ಮಗ್ಗುಲಲ್ಲಿ ಬದುಕುವ ಸಣ್ಣ ಊರಿಗೆ ಕಾಲಕ್ರಮದಲ್ಲಿ ಏನಾಗುತ್ತದೆ? ನಗರ ಅದನ್ನು ನುಂಗುತ್ತದೆಯೇ, ಪೋಷಿಸುತ್ತದೆಯೇ ಅಥವಾ ತನ್ನೊಡನೆ ಮುಳುಗಿಸುತ್ತದೆಯೇ? ಬೆಂಗಳೂರಿನ ಕಥೆ ಇನ್ನೂ ಮುಗಿದಿಲ್ಲವಾದ್ದರಿಂದ ಅದರಿಂದ ಉತ್ತರ ಸಿಗದು. ಆದರೆ ಅರಸೀಕೆರೆ ಇಂಥ ನೆರೆಹೊರೆಯನ್ನು ಹಿಂದೊಮ್ಮೆ ಕಂಡ ಊರು. ಎಂಟುನೂರು ವರ್ಷಗಳ ಹಿಂದೆ ಅದರ ನೆರೆಯ ಮಹಾನಗರ ಬೆಂಗಳೂರಲ್ಲ. ಹೊಯ್ಸಳರ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು.

ನೆಲೆವೀಡಿನ ಸುತ್ತಮುತ್ತ

ಮಲೆನಾಡಿನ ಸೊಸೆವೂರಿನಿಂದ, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ, ಹೊರಟ ಹೊಯ್ಸಳರು ಮೊದಲು ನೆಲೆನಿಂತದ್ದು ಬೇಲೂರಿನಲ್ಲಿ. ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು, ಇಂದು ಚೆನ್ನಕೇಶವನೆಂದು ಹೆಸರಾದ ದೇವರನ್ನು, ಅಲ್ಲಿ ಪ್ರತಿಷ್ಠೆ ಮಾಡಿಸಿದ. ಅಷ್ಟರಲ್ಲಾಗಲೇ ರಾಜ್ಯದ ತೂಕ ಹದಿನಾರು ಕಿಲೋಮೀಟರ್ ಮೂಡಣದ ದೋರಸಮುದ್ರಕ್ಕೆ ವಾಲುತ್ತಿತ್ತು. ಶಾಸನಗಳು ಅದನ್ನು ‘ನೆಲೆವೀಡು’ ಎಂದು ಕರೆಯುತ್ತವೆ. ಬೀಡು ಎಂದರೆ ದೊರೆ ಬಿಡಾರ ಹೂಡಿದ ಜಾಗ. ನೆಲೆವೀಡು ಎಂದರೆ ದೊರೆ ಕಾಲೂರಿ ನಿಂತ ಜಾಗ.

ಬೀಡು ನೆಲೆಯಾದೊಡನೆ ಅದರ ಸುತ್ತ ನಗರವೊಂದು ಬೆಳೆಯಿತು. ನಗರಕ್ಕೆ ಹೆಸರು ಕೊಟ್ಟ ವಿಶಾಲವಾದ ಕೆರೆ, ಬೆಣ್ಣೆಗುಡ್ಡದ ಬಳಿಯ ಅರಮನೆಯ ನೆಲ, ಕೋಟೆಯ ಸಾಲು, ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಹೆಸರಿನೊಡನೆ ಬೆಸೆದುಕೊಂಡಿರುವ ಹೊಯ್ಸಳೇಶ್ವರ ದೇವಾಲಯ ಎಲ್ಲವೂ ಆ ನಗರದ ಗುರುತುಗಳು. ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇಂದು ಬಸ್ತಿಹಳ್ಳಿ ಎಂಬ ಹೆಸರಿನ ನೆಲದಲ್ಲಿದೆ. ಹುಲಿಕೆರೆಯ ಕಲ್ಯಾಣಿ, ಪುಷ್ಪಗಿರಿಯ ಮಲ್ಲಿಕಾರ್ಜುನ ಗುಡಿ ನಗರದ ಹೊರವಲಯದವು. ಇಂದು ಒಂದೊಂದು ಬೇರೆ ಬೇರೆ ಹಳ್ಳಿಯಾಗಿ, ಗುಡ್ಡವಾಗಿ ಕಾಣುವ ಇವೆಲ್ಲ ಅಂದು ಒಂದೇ ಮಹಾನಗರದ ಕೇರಿಗಳು, ಅಂಚುಗಳು.

ದೊಡ್ಡ ಊರು ಕೆಲಸಗಾರರನ್ನು ದೂರದೂರದಿಂದ ಕರೆಸಿಕೊಳ್ಳುತ್ತದೆ. ಬೇಲೂರಿನ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. ಕೆಲಸ ರಾಜಧಾನಿಯದು, ಸಹಿ ಮಾತ್ರ ಹುಟ್ಟಿದೂರಿನದು. ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದವರೂ ಊರು ಯಾವುದೆಂದು ಕೇಳಿದರೆ ಹಳ್ಳಿಯ ಹೆಸರನ್ನೇ ಹೇಳುವುದುಂಟು. ಆ ಅಭ್ಯಾಸಕ್ಕೆ ಎಷ್ಟು ಹಳೆಯ ಬೇರಿದೆ ಎಂಬುದನ್ನು ಈ ಸಹಿಗಳು ತೋರಿಸುತ್ತವೆ. ರಾಜಧಾನಿಯ ನೌಕರಿ ಎಲ್ಲರಿಗೂ ಒಗ್ಗಿತೆಂದೂ ಅಲ್ಲ. ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದ ಕವಿ ಹರಿಹರ ಆ ಕೆಲಸ ಬಿಟ್ಟು ಹಂಪೆಗೆ ಹೊರಟುಹೋದನೆಂಬ ಐತಿಹ್ಯ ಪ್ರಸಿದ್ಧವಾದದ್ದು.

ಸರ್ವಮಾನ್ಯದ ಸುಖ

ಆ ಕಾಲದಲ್ಲಿ ನಿತ್ಯ ಓಡಾಟ ಸಾಧ್ಯವಿರಲಿಲ್ಲ. ಎತ್ತಿನ ಗಾಡಿ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್ ಸಾಗೀತು. ಬೇಲೂರಿನಿಂದ ದೋರಸಮುದ್ರಕ್ಕೆ ಅರ್ಧ ದಿನ. ಸುಮಾರು 40 ಕಿಲೋಮೀಟರ್ ದೂರದ ಅರಸೀಕೆರೆಯಿಂದಾದರೆ ನಡುವೆ ಒಂದು ರಾತ್ರಿಯ ಬಿಡಾರ. ಹಾಗಾಗಿ ದಿನವೂ ಓಡಾಡಿದ್ದು ಜನರಲ್ಲ. ವಾರಕ್ಕೊಮ್ಮೆ ಸಂತೆಯ ಸರಕು, ವರ್ಷಕ್ಕೊಮ್ಮೆ ಕಂದಾಯ, ಕರೆ ಬಂದಾಗ ಸೈನಿಕ.

ಆದರೆ ದೊಡ್ಡ ಊರಿನ ಗದ್ದಲದಿಂದ ದೂರವಿದ್ದು, ಅದರ ಸಂಪತ್ತಿಗೆ ಹತ್ತಿರವಿರುವ ಬದುಕಿನ ಆಸೆ ಅಂದೂ ಇತ್ತು. ಅದಕ್ಕೆ ಅಂದಿನ ಉತ್ತರ ಅಗ್ರಹಾರ. ಹೊಯ್ಸಳ ಸೀಮೆಯಲ್ಲಿ ಜನರ ಮೇಲೆ ಬಿದ್ದ ತೆರಿಗೆಗಳ ಪಟ್ಟಿ ಸಣ್ಣದಲ್ಲ: ಭೂಮಿಗೆ ಸಿದ್ಧಾಯ, ಮನೆಗೆ ಮನೆದೆರೆ, ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ, ಸರಕಿಗೆ ಸುಂಕ. ಅಗ್ರಹಾರವನ್ನು ಸರ್ವಮಾನ್ಯವಾಗಿ ಬಿಟ್ಟುಕೊಟ್ಟರೆಂದರೆ, ಅರಮನೆಗೆ ಸಲ್ಲಬೇಕಾದ ಈ ಬಾಬುಗಳು ದಾನ ಪಡೆದವರ ಪಾಲಾದವು ಎಂದರ್ಥ. ಅಗ್ಗದ, ನೆಮ್ಮದಿಯ ಬದುಕಿಗೆ ಅಂದಿನ ಶಾಸನಗಳು ಕೊಟ್ಟ ಹೆಸರು ‘ಸರ್ವಮಾನ್ಯ’ ಎನ್ನಬಹುದು. ಈ ನೆಮ್ಮದಿ ಎಲ್ಲರಿಗೂ ಸಮನಾಗಿ ಸಿಕ್ಕಿತೆಂದು ಮಾತ್ರ ಭಾವಿಸಬಾರದು. ದಾನ ಸಂದದ್ದು ವಿದ್ವಾಂಸರಾದ ಬ್ರಾಹ್ಮಣ ಕುಟುಂಬಗಳಿಗೆ. ಅದೇ ಊರಿನ ಒಕ್ಕಲು, ಗಾಣಿಗ, ನೇಕಾರ ತೆರುವುದು ತಪ್ಪಲಿಲ್ಲ, ತೆರಿಸಿಕೊಳ್ಳುವವರು ಬದಲಾದರು ಅಷ್ಟೆ.

ಹೀಗೆ ರಾಜಧಾನಿಯ ಸುತ್ತ ಒಂದೆರಡು ದಿನದ ದಾರಿಯ ಒಳಗೆ ಸಣ್ಣಸಣ್ಣ ಊರುಗಳು ಮೈತುಂಬಿಕೊಂಡವು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು 1113–14ರ ಹೊತ್ತಿಗೆ ಕಟ್ಟಿಸಿದವರು ದೊರೆಗಳಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹುಲ್ಲೇಕೆರೆಯ ಚೆನ್ನಕೇಶವ ಗುಡಿ 1163ರದು. ಬೆಳವಾಡಿಯ ವೀರನಾರಾಯಣ, ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯಗಳೂ ಇದೇ ವಲಯದವು. ಅರಸೀಕೆರೆಗೆ ಅಂಟಿಕೊಂಡಂತಿರುವ ಹಾರನಹಳ್ಳಿಯಲ್ಲಿ 1230ರ ದಶಕದಲ್ಲಿ ಪೆದ್ದಣ್ಣ, ಸೋವಣ್ಣ, ಕೇಸಣ್ಣ ಎಂಬ ಸಹೋದರರು ಶಿವನಿಗೊಂದು, ವಿಷ್ಣುವಿಗೊಂದು ಗುಡಿ ಕಟ್ಟಿಸಿದರು. ರಾಜಧಾನಿಯಲ್ಲಿ ಗಳಿಸಿದ್ದು, ರಾಜಧಾನಿಯಲ್ಲಿ ಕಲಿತದ್ದು ಈ ಊರುಗಳಿಗೆ ಹರಿದು ಬಂತು ಎಂಬುದಕ್ಕೆ ಇವುಗಳ ಗೋಡೆಗಳೇ ಸಾಕ್ಷಿ.

ಅರಸಿಯ ಕೆರೆ

ಇಂಥ ಊರುಗಳಲ್ಲಿ ಅರಸೀಕೆರೆಯದು ಬೇರೆಯೇ ಜಾತಕ. ಶಾಸನಗಳಲ್ಲಿ ಅದು ‘ಅರಸಿಯಕೆರೆ’; ಅರಸಿಯೊಬ್ಬಳ ಕೆರೆ ಎಂಬುದು ಹೆಸರಿನಲ್ಲೇ ಇದೆ. ಇಮ್ಮಡಿ ಬಲ್ಲಾಳನ ಕಾಲಕ್ಕೆ ಅದಕ್ಕೆ ಬಲ್ಲಾಳಪುರವೆಂಬ ಹೆಸರೂ ಬಂತು. ಊರಿಗೆ ನದಿಯಿಲ್ಲ, ಮಲೆನಾಡಿನ ಮಳೆಯಿಲ್ಲ. ಇದ್ದದ್ದು ಕೆರೆ ಮತ್ತು ದಾರಿ. ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುವ ದಾರಿಗಳು ಕೂಡುವ ಜಾಗವಾದ್ದರಿಂದ ವರ್ತಕರು ಅಲ್ಲಿ ನೆಲೆಯೂರಿದರು. ಸಮುದ್ರದಾಚೆಯಿಂದ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ಮಾತು ಅರಸೀಕೆರೆಯ ಶಾಸನಗಳಲ್ಲಿ ಬರುತ್ತದೆ. ಸರಕನ್ನು ಕೊಳ್ಳುವವನು ದೋರಸಮುದ್ರದಲ್ಲಿದ್ದ. ಮಾರುವವನ ಮನೆ, ಗುಡಿ, ಲೆಕ್ಕದ ಕಡತ ಅರಸೀಕೆರೆಯಲ್ಲಿದ್ದವು.

1220ರ ಸುಮಾರಿಗೆ ಆ ಊರಿನ ಸ್ಥಿತಿ ಹೇಗಿತ್ತು ಎಂಬುದನ್ನು ಎರಡು ಕಟ್ಟಡಗಳು ಹೇಳುತ್ತವೆ. ಒಂದು, ಶಿವಾಲಯವೆಂದು ಜನ ಕರೆಯುವ ಈಶ್ವರ ದೇವಾಲಯ. ಅದರ ಮುಂದಿನ ತೆರೆದ ಮಂಟಪ ನಕ್ಷತ್ರದ ಆಕಾರದ್ದು, ಮೇಲ್ಛಾವಣಿ ಗುಮ್ಮಟದಂತೆ ಒಳಬಾಗಿದ್ದು. ಹೊಯ್ಸಳ ಶೈಲಿಯಲ್ಲೇ ಅಪರೂಪವಾದ ಈ ಮಂಟಪ ರಾಜಧಾನಿಯಲ್ಲಿಲ್ಲ. ಇನ್ನೊಂದು, ಅದೇ ವರ್ಷದ ಸಹಸ್ರಕೂಟ ಜಿನಾಲಯ. ಅದನ್ನು ಕಟ್ಟಿಸಿದವನು ‘ವಸುಧೈಕಬಾಂಧವ’ ಎಂಬ ಬಿರುದಿನ ರೇಚರಸ. ಹಿಂದೆ ಕಳಚುರಿಗಳ ಬಳಿ ದಂಡನಾಯಕನಾಗಿದ್ದು, ಆಮೇಲೆ ಬಲ್ಲಾಳನ ಆಶ್ರಯಕ್ಕೆ ಬಂದವನು. ಇಷ್ಟು ದೊಡ್ಡ ಅಧಿಕಾರಿ ತನ್ನ ಬಸದಿಗೆ ರಾಜಧಾನಿಯನ್ನು ಬಿಟ್ಟು ಈ ಊರನ್ನು ಆರಿಸಿಕೊಂಡನೆಂಬುದು ಗಮನಾರ್ಹ. ಅರಸೀಕೆರೆ ದೋರಸಮುದ್ರದ ನೆರಳಿನಲ್ಲಿತ್ತು, ನಿಜ. ಆದರೆ ಅದು ಬರಿಯ ನೆರಳಾಗಿರಲಿಲ್ಲ.

ಹಳೆಯದಾದ ಬೀಡು

1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂತು. ಮುಮ್ಮಡಿ ಬಲ್ಲಾಳ ಶರಣಾಗಿ ಆನೆ, ಕುದುರೆ, ಧನಗಳನ್ನು ಒಪ್ಪಿಸಿ ಊರನ್ನು ಉಳಿಸಿಕೊಂಡ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯದ ದಾಳಿಯಾಯಿತು. ಆಮೇಲೆ ಬಲ್ಲಾಳನ ಬೀಡು ತಮಿಳುನಾಡಿನ ತಿರುವಣ್ಣಾಮಲೆಯ ಕಡೆಗೆ ಸರಿಯಿತು. 1340ರ ದಶಕದ ಮೊದಲಲ್ಲಿ ಮಧುರೆಯ ಸುಲ್ತಾನನೊಡನೆ ಹೋರಾಡುತ್ತ ಅವನು ಸತ್ತ. ಕೆಲವೇ ವರ್ಷಗಳಲ್ಲಿ ರಾಜ್ಯ ವಿಜಯನಗರದಲ್ಲಿ ಕರಗಿತು.

ದಾಳಿಯಿಂದ ಊರು ಹಾಳಾಯಿತೆಂದು ಹೇಳುವುದು ವಾಡಿಕೆ. ಅದು ಅರ್ಧ ಸತ್ಯ. ಬೇಲೂರಿಗೂ ಪೆಟ್ಟು ಬಿದ್ದಿತ್ತು. ಅಲ್ಲಿಯ ಮಹಾದ್ವಾರ ಬೆಂಕಿಗೆ ಆಹುತಿಯಾಗಿತ್ತು. ಆದರೆ 1397ರಲ್ಲಿ ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ ಅಲ್ಲಿ ಗೋಪುರವನ್ನು ಮತ್ತೆ ಎತ್ತಿಸಿದ. ಕೇಶವನ ಪೂಜೆ ನಡೆಯುತ್ತಿತ್ತು, ತೇರಿಗೆ ಜನ ಸೇರುತ್ತಿದ್ದರು. ಕಟ್ಟಿಸಲು ಯಾರಾದರೊಬ್ಬರಿಗೆ ಕಾರಣವಿತ್ತು. ಹಳೇಬೀಡಿಗೆ ಅಂಥ ಕಾರಣ ಉಳಿಯಲಿಲ್ಲ. ಆ ನಗರ ಬೆಳೆದದ್ದು ಅರಮನೆಯ ಸುತ್ತ. ಅರಮನೆ ಎದ್ದು ಹೋದಾಗ ಅದರ ಬೆನ್ನಿಗೆ ಕುದುರೆ ಮಾರುವವನು ಹೋದ, ಅಕ್ಕಸಾಲಿಗ ಹೋದ, ಕವಿ ಹೋದ. ಕಲ್ಲು ಉಳಿಯಿತು. ನೆಲೆವೀಡು ಹಳೆಯ ಬೀಡಾಯಿತು.

ತಿರುಗುಮುರುಗು ಎಷ್ಟಾಯಿತೆಂದರೆ, ಹಳೇಬೀಡಿನ ಬಸದಿಯ ಕಂಬದ ವಿಷಯಕ್ಕೆ ಎದ್ದ ವಿವಾದವೊಂದನ್ನು ಜೈನ, ವೀರಶೈವ ಮುಖಂಡರು ಕೂಡಿ 1638ರಲ್ಲಿ ಬಗೆಹರಿಸಿದಾಗ ಆ ಸೀಮೆಯನ್ನು ಆಳುತ್ತಿದ್ದವನು ಬೇಲೂರಿನ ವೆಂಕಟಾದ್ರಿ ನಾಯಕ. ಒಂದು ಕಾಲದ ರಾಜಧಾನಿ ತನ್ನ ಮಗ್ಗುಲಿನ ಊರಿನ ಅಧೀನಕ್ಕೆ ಬಂದಿತ್ತು. ಇಂದಿಗೂ ಹಳೇಬೀಡು ಬೇಲೂರು ತಾಲ್ಲೂಕಿನ ಒಂದು ಹೋಬಳಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗಳ ಬಸ್ಸುಗಳು ಬರುತ್ತವೆ, ಗಂಟೆ ಎರಡು ಗಂಟೆ ನಿಲ್ಲುತ್ತವೆ, ಹೊರಡುತ್ತವೆ. ಜಗತ್ತು ನೋಡಲು ಬರುವ ಊರಾಯಿತು ಅದು. ಜಗತ್ತು ನೆಲೆಸಲು ಬರುವ ಊರಾಗಿ ಉಳಿಯಲಿಲ್ಲ.

ಮತ್ತೆ ದಾರಿ ಕೂಡಿತು

ಅರಸೀಕೆರೆಗೂ ಮಂಕು ಕವಿಯದೆ ಇರಲಿಲ್ಲ. ವರ್ತಕರ ವೈಭವ ಇಳಿದು ಅದು ಒಣ ಸೀಮೆಯ ಸಾಧಾರಣ ಊರಾಯಿತು. ಅದನ್ನು ಮತ್ತೆ ಎಬ್ಬಿಸಿದ್ದು ಹಳೆಯ ಗುಣವೇ: ದಾರಿ ಕೂಡುವ ಜಾಗ. 1884ರಲ್ಲಿ ತುಮಕೂರು ಮುಟ್ಟಿದ ಮೈಸೂರು ಸಂಸ್ಥಾನದ ಮೀಟರ್ ಗೇಜ್ ಹಳಿ ಆ ದಶಕದ ಕೊನೆಗೆ ಅರಸೀಕೆರೆಯನ್ನು ಹಾದು ಹರಿಹರದವರೆಗೆ ಹೋಯಿತು. 1910ರ ದಶಕದ ಕೊನೆಗೆ ಮೈಸೂರಿನಿಂದ ಹಾಸನದ ಮೂಲಕ ಬಂದ ಇನ್ನೊಂದು ಹಳಿ ಅಲ್ಲಿ ಸೇರಿತು. ಊರು ಜಂಕ್ಷನ್ ಆಯಿತು. ರೈಲ್ವೆ ವಸತಿಗೃಹಗಳು ಬಂದವು, ಪ್ಲಾಟ್‌ಫಾರಂ ಮೇಲೆ ಕಾಫಿ–ಇಡ್ಲಿಯ ಕೂಗು ಬಂತು, ಕೊಬ್ಬರಿಯ ಮೂಟೆಗಳಿಗೆ ದೂರದ ಮಾರುಕಟ್ಟೆ ಸಿಕ್ಕಿತು. ಬೇಲೂರು, ಹಳೇಬೀಡುಗಳಿಗೆ ರೈಲು ಬರಲಿಲ್ಲ. ಹೊಯ್ಸಳರ ರಾಜಧಾನಿ ನೋಡಬೇಕೆಂದವರು ಬಾಣಾವರದಲ್ಲೋ ಅರಸೀಕೆರೆಯಲ್ಲೋ ಹಾಸನದಲ್ಲೋ ಇಳಿದು ಗಾಡಿಯನ್ನೋ ಬಸ್ಸನ್ನೋ ಹಿಡಿಯಬೇಕಾಯಿತು.

2011ರ ಜನಗಣತಿಯ ಹೊತ್ತಿಗೆ ಅರಸೀಕೆರೆಯ ಜನಸಂಖ್ಯೆ 50 ಸಾವಿರ ದಾಟಿತ್ತು, ಬೇಲೂರಿನದು 20 ಸಾವಿರ. ಅರಮನೆ ಕಟ್ಟಿದ ಊರಿಗಿಂತ ದೇವರು ಉಳಿದ ಊರು ದೊಡ್ಡದು, ಅದಕ್ಕಿಂತ ದಾರಿ ಕೂಡಿದ ಊರು ದೊಡ್ಡದು. ಆದರೆ ದಾರಿಯನ್ನು ಪೂರ್ತಿ ನಂಬುವುದೂ ಕ್ಷೇಮವಲ್ಲ. ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ಹಳಿ 2017ರಲ್ಲಿ ತೆರೆದಾಗ, ಅಲ್ಲಿಯವರೆಗೆ ಅರಸೀಕೆರೆಯನ್ನು ಸುತ್ತಿ ಬರುತ್ತಿದ್ದ ಹಾಸನದ ಪ್ರಯಾಣಿಕರಿಗೆ ಅರಸೀಕೆರೆ ಬೇಕಿಲ್ಲದಾಯಿತು. ಯಾರೋ ದೂರದಲ್ಲಿ ಕುಳಿತು ಎಳೆದ ಗೆರೆ ಊರೊಂದನ್ನು ಎತ್ತಬಲ್ಲದು, ಇಳಿಸಲೂಬಲ್ಲದು.

ಮನೆ ಮಾಡುವ ಮುನ್ನ

ಹಾಗಾದರೆ ಇಂದು ಇಂಥ ಊರಿನಲ್ಲಿ ಮನೆ ಮಾಡಿ ದೊಡ್ಡ ಊರಿನಲ್ಲಿ ದುಡಿಯಬೇಕೆನ್ನುವವರಿಗೆ ಈ ಚರಿತ್ರೆ ಹೇಳುವುದೇನು? ಮೊದಲನೆಯದು, ಅಗ್ಗವೆಂಬುದರ ಲೆಕ್ಕ ಬಾಡಿಗೆಯಲ್ಲೇ ಮುಗಿಯುವುದಿಲ್ಲ. ಬೆಂಗಳೂರಿಗೆ ಪಾಸು ಸಿಗದ ಅರಸೀಕೆರೆಯಿಂದ ದಿನವೂ ಹೋಗಿಬರುವವನು ಬಾಡಿಗೆಯಲ್ಲಿ ಉಳಿಸಿದ್ದನ್ನು ಟಿಕೆಟ್ಟಿಗೆ ತೆರುತ್ತಾನೆ. ಹಣದಲ್ಲಿ ತೆರದಿದ್ದರೆ ನಿದ್ದೆಯಲ್ಲಿ, ಮಕ್ಕಳೊಡನೆ ಕಳೆಯದ ಸಂಜೆಗಳಲ್ಲಿ ತೆರುತ್ತಾನೆ. ಪಾಸಿನ ವರ್ತುಲದ ಒಳಗೇ ಇರುವ ಹಾಸನ, ತಿಪಟೂರು, ಕಡೂರು, ತುಮಕೂರುಗಳು ಅರಸೀಕೆರೆಯವರಿಗೆ ಹೆಚ್ಚು ಸಹಜವಾದ ದುಡಿಮೆಯ ಊರುಗಳು. ದೂರದ ಬೆಟ್ಟ ನುಣ್ಣಗೆ ಎಂಬುದು ದೂರದ ಮನೆಗೂ ಸಲ್ಲುತ್ತದೆ.

ಎರಡನೆಯದು ನೀರು. ಇದೇ ಜಿಲ್ಲೆಯ ಸಕಲೇಶಪುರದಲ್ಲಿ ಸುರಿಯುವ ಮಳೆಯ ಅರ್ಧವೂ ಅರಸೀಕೆರೆಗೆ ಬಾರದು. ಕೆರೆಯ ಹೆಸರನ್ನೇ ಹೊತ್ತ ಊರಿನ ತಾಲ್ಲೂಕು ಬರಪೀಡಿತ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಬತ್ತಿದ ಕೊಳವೆಬಾವಿ, ಸುಳಿ ಒಣಗಿದ ತೆಂಗು ಅಲ್ಲಿಯವರಿಗೆ ಹೊಸ ನೋಟವಲ್ಲ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ ಕಂಡ ಎತ್ತಿನಹೊಳೆ ಯೋಜನೆಯ ಕಾಲುವೆಯ ದಾರಿ ಈ ತಾಲ್ಲೂಕನ್ನು ಹಾದುಹೋಗುತ್ತದೆ. ಯಗಚಿಯ ನೀರನ್ನು ರಣಘಟ್ಟದಿಂದ ದೋರಸಮುದ್ರದ ಕೆರೆಗೆ ತರಬೇಕೆಂದು ಹಳೇಬೀಡಿನ ಸುತ್ತಲ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಹೊಯ್ಸಳರ ಕಾಲದ ಕವಿ ಪದ್ಮರಸ ಮಂತ್ರಿಯಾಗಿದ್ದು ಬೇಲೂರಿನಲ್ಲಿ ಕೆರೆ ಕಟ್ಟಿಸಿದ್ದರಿಂದಲೇ ‘ಕೆರೆಯ ಪದ್ಮರಸ’ನಾದನೆನ್ನುತ್ತದೆ ಪರಂಪರೆ. ಈ ಸೀಮೆಯಲ್ಲಿ ಊರನ್ನು ಉಳಿಸಿದವರ ಹೆಸರಿಗೆ ಕೆರೆ ಅಂಟಿಕೊಂಡದ್ದು ಆಕಸ್ಮಿಕವಲ್ಲ.

ಮೂರನೆಯದು ಊರಿನ ಸ್ವಂತಿಕೆ. ರಾತ್ರಿ ಮಲಗಲು ಮಾತ್ರ ಜನ ಬರುವ ಊರು, ದೊಡ್ಡ ನಗರ ಸೀನಿದರೆ ನೆಗಡಿ ಹಿಡಿಯುವ ಊರು. ಅರಸೀಕೆರೆಗೆ ತನ್ನದೇ ಆದ ಕೊಬ್ಬರಿ ವ್ಯಾಪಾರವಿದೆ, ತೆಂಗಿನ ಸಂಶೋಧನಾ ಕೇಂದ್ರವಿದೆ, ಮಾಲೇಕಲ್ಲು ತಿರುಪತಿಯ ಬೆಟ್ಟವಿದೆ, ಹುಣ್ಣಿಮೆಗೆ ಜನ ಹತ್ತುವ ಜೇನುಕಲ್ಲು ಸಿದ್ಧೇಶ್ವರನ ಗುಡ್ಡವಿದೆ, ಎಂಟುನೂರು ವರ್ಷ ದಾಟಿದ ನಕ್ಷತ್ರ ಮಂಟಪವಿದೆ. ಬೆಂಗಳೂರಿನ ರೈಲು ಒಂದು ದಿನ ಬಾರದಿದ್ದರೂ ಊರು ಎದ್ದು ಅಂಗಡಿ ತೆರೆಯುತ್ತದೆ. ಹದಿನಾರು ಕಿಲೋಮೀಟರ್ ಹೆಚ್ಚಾಗಿ ಉಪನಗರವಾಗದೆ ಉಳಿದದ್ದು ಅದರ ನಷ್ಟವೆಂದೇ ಹೇಳಲಾಗದು.

ದೋರಸಮುದ್ರದ ವೈಭವದ ದಿನಗಳಲ್ಲಿ ಅರಸೀಕೆರೆಯ ವರ್ತಕನೊಬ್ಬನಿಗೆ ‘ನಿನ್ನ ಊರಿಗಿಂತ ಮೊದಲು ರಾಜಧಾನಿ ಅಳಿಯುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಬೆಂಗಳೂರಿನ ಬಗ್ಗೆ ಇಂದು ಹಾಗೆ ಹೇಳಿದರೂ ಯಾರೂ ನಂಬಲಾರರು, ನಂಬಬೇಕಾಗಿಯೂ ಇಲ್ಲ. ಆದರೆ ದೊಡ್ಡ ಊರಿನ ಹತ್ತಿರ ಇರುವುದೇ ಒಂದು ಊರಿನ ಬಾಳಿಗೆ ಸಾಲದು ಎಂಬುದನ್ನು ಈ ಮೂರು ಊರುಗಳು ಕಲ್ಲಿನಲ್ಲಿ ಬರೆದಿಟ್ಟಿವೆ. ಕೆರೆಯಲ್ಲಿ ನೀರು, ಬೀದಿಯಲ್ಲಿ ವ್ಯಾಪಾರ, ಜನ ಸೇರಲು ಒಂದು ಕಾರಣ ಇರುವಷ್ಟು ಕಾಲ ಊರು ಊರಾಗಿರುತ್ತದೆ. ಅವು ಹೋದ ಮೇಲೆ ಉಳಿಯುವುದು ಬೀಡು ಮಾತ್ರ.